ಕಿರುಚಾಟದ ಹಿಂದೆ ಮುಂದೆ

ಮುಂಬಯಿಯ ನಮ್ಮ ಕನ್ನಡ, ತುಳು ಮನೆಗಳಲ್ಲಿ ಎರಡು ವರ್ಷ ತುಂಬಿದ ಮಗು ಮಾತಾಡದಿದ್ದರೆ ಸಮಾಧಾನದ ಮಾತುಗಳಿಗೆ ಕೊರತೆಯಿಲ್ಲ. ಅವನಪ್ಪನೂ ಮೂರು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ ಎಂದು ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳುತ್ತಾರೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಹಿಂದಿ, ಕೆಲಸದ ಬಾಯಿಯ ಜೊತೆ ಮರಾಠಿ, ಟಿವಿಯಲ್ಲಿ ಇಂಗ್ಲಿಷ್, ಪಾಪ ಮಗುವಿಗೆ ಗೊಂದಲ ಎನ್ನುತ್ತಾರೆ ನೆರೆಯವರು. ಡೊಂಬಿವಲಿಯ ಮುಚ್ಚಿದ ಬಾಗಿಲಿನ ಫ್ಲ್ಯಾಟಿನಲ್ಲಿ ಆಡಲು ಜೊತೆಯಿಲ್ಲ, ನರ್ಸರಿಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಇನ್ನೊಬ್ಬರು. ಈ ಮಾತುಗಳಲ್ಲಿ ಪ್ರೀತಿಯಿದೆ, ಒಪ್ಪುತ್ತೇನೆ. ಆದರೆ ಇವನ್ನು ನಂಬಿಕೊಂಡು ಕಳೆಯುವ ಒಂದೆರಡು ವರ್ಷ ಮಗು ಅತ್ಯಂತ ವೇಗವಾಗಿ ಕಲಿಯಬಲ್ಲ ವರ್ಷಗಳು. ಅವು ಮತ್ತೆ ಸಿಗುವುದಿಲ್ಲ.

ಮಾತು ಬಂತೇ ಎಂದು ಕಾಯುವುದಕ್ಕೂ ಮೊದಲೇ ಗಮನಿಸಬಹುದಾದ ಸಂಗತಿಗಳಿವೆ. ಒಂದು ವರ್ಷದ ಹೊತ್ತಿಗೆ ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುತ್ತದೆಯೇ? ಒಂದೂವರೆ ವರ್ಷಕ್ಕೆ ಕಿಟಕಿಯಾಚೆಯ ಕಾಗೆಯನ್ನೋ ದೂರದಲ್ಲಿ ಹೋಗುವ ಲೋಕಲ್ ಟ್ರೇನನ್ನೋ ಬೆರಳು ಮಾಡಿ ತೋರಿಸಿ, ನೀವೂ ನೋಡಿದಿರಾ ಎಂಬಂತೆ ನಿಮ್ಮ ಮುಖದ ಕಡೆ ತಿರುಗುತ್ತದೆಯೇ? ಬಿಸ್ಕತ್ತು ಬೇಕೆಂದು ಕೈ ಹಿಡಿದು ಡಬ್ಬಿಯ ತನಕ ಎಳೆದೊಯ್ಯುವುದು ಬೇರೆ. ಕಂಡದ್ದರ ಖುಷಿಯನ್ನು ಹಂಚಿಕೊಳ್ಳಲು ಬೆರಳು ಮಾಡುವುದು ಬೇರೆ. ಈ ಎರಡನೆಯದು ಕಾಣಿಸದಿದ್ದರೆ, ಅಥವಾ ಇದ್ದ ನಾಲ್ಕು ಮಾತೂ ಮರೆಯಾದರೆ, ಕಾಯಬಾರದು. ಮೊದಲು ಕಿವಿಯ ಪರೀಕ್ಷೆ ಆಗಬೇಕು. ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂನ ಸುಳಿವು ಹುಡುಕಲೆಂದು ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯೂ ಇದೆ. ಅದು ಆಟಿಸಂ ಇದೆ ಎಂದು ತೀರ್ಪು ಕೊಡುವುದಿಲ್ಲ, ತಜ್ಞರಿಗೆ ತೋರಿಸಬೇಕೋ ಬೇಡವೋ ಎಂಬುದನ್ನಷ್ಟೇ ಹೇಳುತ್ತದೆ.

ಆಟಿಸಂಗೆ ಪುಸ್ತಕದ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ ಇದು. ನಡುವೆ ಅಂಟಿಕೊಂಡ ಕಾಯಿಲೆಯಲ್ಲ, ಔಷಧಿ ಕೊಟ್ಟು ತೆಗೆಯುವಂಥದ್ದೂ ಅಲ್ಲ. ವೈದ್ಯರು ಎರಡು ಕಡೆ ನೋಡುತ್ತಾರೆ. ಒಂದು, ಇತರರೊಂದಿಗೆ ಒಡನಾಡುವ ಮತ್ತು ಸಂವಹಿಸುವ ರೀತಿ. ಇನ್ನೊಂದು, ಒಂದೇ ಬಗೆಯ ಚಲನೆ, ಒಂದೇ ಕ್ರಮದ ಹಂಬಲ, ಶಬ್ದ ಬೆಳಕು ಸ್ಪರ್ಶಗಳಿಗೆ ಅತಿಯಾದ ಅಥವಾ ತೀರಾ ಕಡಿಮೆಯಾದ ಸ್ಪಂದನೆ. ಗಣೇಶ ವಿಸರ್ಜನೆಯ ಢೋಲ್ ತಾಶಾ ನಮಗೆ ಹಬ್ಬ. ಅದೇ ಸದ್ದು ಕೆಲವು ಮಕ್ಕಳ ಮೈಗೆ ನಿಜವಾದ ನೋವು. ಕೆಲವರು ಜೀವಮಾನವಿಡೀ ಮಾತಾಡದೆ ಇರಬಹುದು. ಕೆಲವರು ಎಂಜಿನಿಯರಿಂಗ್ ಓದಿ ನಲವತ್ತನೆಯ ವಯಸ್ಸಿನಲ್ಲಿ ತಮಗೆ ಆಟಿಸಂ ಇದೆಯೆಂದು ತಿಳಿಯಬಹುದು. ಈ ಎಲ್ಲವನ್ನೂ 2013ರಿಂದ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ಇಡಲಾಗಿದೆ.

ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಇದನ್ನು ಗುರುತಿಸಿ ಬರೆದರು. ಅದರ ಬೆನ್ನಿಗೇ ಒಂದು ದೊಡ್ಡ ಅನ್ಯಾಯವೂ ನಡೆಯಿತು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂಬ ವಾದ ಎರಡು ದಶಕಕ್ಕೂ ಹೆಚ್ಚು ಕಾಲ ಮೆರೆಯಿತು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಇದನ್ನು ಪುಸ್ತಕ ಬರೆದು ಖಂಡಿಸಿದರು. ಇಂದು ವಿಜ್ಞಾನಿಗಳಲ್ಲಿ ಯಾರೂ ತಾಯಿಯನ್ನು ದೂರುವುದಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದೆಂದು ಸ್ಪಷ್ಟವಾಗಿದೆ. 1998ರಲ್ಲಿ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಗುಮಾನಿ ಹುಟ್ಟಿಸಿದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ವಾಪಸು ಪಡೆಯಿತು. ಆದರೂ ನಮ್ಮ ಮನೆಗಳಲ್ಲಿ ಹಳೆಯ ಆರೋಪ ಹೊಸ ಬಟ್ಟೆ ತೊಟ್ಟು ಬರುತ್ತಲೇ ಇದೆ: ಅವಳು ಕೆಲಸಕ್ಕೆ ಹೋದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟಳು. ಮೊಬೈಲ್ ಹೆಚ್ಚಾದರೆ ಮಾತು ಕಲಿಯುವ ಹೊತ್ತು ಕಡಿಮೆಯಾಗುತ್ತದೆ, ಅದನ್ನು ತಗ್ಗಿಸಬೇಕು, ನಿಜ. ಆದರೆ ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ಈಗಾಗಲೇ ನಿದ್ದೆಗೆಟ್ಟ ತಾಯಿಯ ತಲೆಯ ಮೇಲೆ ಈ ಭಾರ ಹೊರಿಸುವುದನ್ನು ಕಂಡಾಗ ನನಗೆ ತುಂಬ ಸಂಕಟವಾಗುತ್ತದೆ.

ಇನ್ನು ಎಬಿಎ. ಆಟಿಸಂ ಎಂದು ತಿಳಿದ ದಿನವೇ ಹಲವು ತಂದೆತಾಯಿ ಈ ಮೂರು ಅಕ್ಷರ ಕೇಳುತ್ತಾರೆ: ಸ್ಪೀಚ್ ಮಾಡಿಸಿ, ಓಟಿ (ಆಕ್ಯುಪೇಶನಲ್ ಥೆರಪಿ) ಮಾಡಿಸಿ, ಎಬಿಎ ಮಾಡಿಸಿ. ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ ಎಂಬುದರ ಮೊದಲಕ್ಷರಗಳು ಅವು. ಹೆಸರು ಕೇಳಿ ದೊಡ್ಡ ಯಂತ್ರದ ಚಿಕಿತ್ಸೆಯೇನೋ ಎಂದು ಹೆದರುವವರಿದ್ದಾರೆ. ಅದರ ಬೇರು ಒಂದು ಸರಳ ವಿಚಾರದಲ್ಲಿದೆ. ಯಾವ ನಡವಳಿಕೆಯೂ ಗಾಳಿಯಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಮೊದಲು ಏನೋ ನಡೆದಿರುತ್ತದೆ, ಅದಾದ ಮೇಲೆ ಏನೋ ಸಿಕ್ಕಿರುತ್ತದೆ. ಸಿಕ್ಕಿದ್ದು ಉಪಯೋಗಕ್ಕೆ ಬಂದರೆ ಆ ನಡವಳಿಕೆ ಮತ್ತೆ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಟ್ಟಿದ ಈ ಚಿಂತನೆಯನ್ನು ಜನರ ದಿನನಿತ್ಯದ ಬದುಕಿಗೆ ಅನ್ವಯಿಸುವ ಕೆಲಸಕ್ಕೆಂದೇ 1968ರಲ್ಲಿ ಒಂದು ಪತ್ರಿಕೆ ಹೊರಟಿತು. ಎಬಿಎಯ ಮೊದಲ ಪಾಠ ಹೀಗಾಗಿ ಬರೆದಿಡುವುದು: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ವನ್ ರೂಮ್ ಕಿಚನ್. ನಾಲ್ಕು ವರ್ಷದ ಹುಡುಗ ದಿನಾ ಸಂಜೆ ಕಿರುಚಿ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಾನೆ. ಮನೆಯವರು ಹಟ ಎನ್ನುತ್ತಾರೆ, ಸೊಸೈಟಿಯ ಸೆಕ್ರೆಟರಿ ದೂರು ತರುತ್ತಾರೆ. ತಾಯಿ ಒಂದು ವಾರ ಮೂರು ಕಾಲಂಗಳಲ್ಲಿ ಬರೆದಿಟ್ಟರೆ ಏನು ಕಾಣಬಹುದು? ಕುಕ್ಕರಿನ ಸೀಟಿ, ಅದರ ಮೇಲೆ ಟಿವಿಯ ಧಾರಾವಾಹಿ, ಆಗಲೇ ಬಾಗಿಲ ಗಂಟೆ. ಹುಡುಗ ಕಿರುಚುತ್ತಾನೆ. ಅಪ್ಪ ಎತ್ತಿಕೊಂಡು ಮೆಟ್ಟಿಲಿಳಿದು ಕೆಳಗಿನ ಅಂಗಳಕ್ಕೆ ಹೋಗುತ್ತಾನೆ. ಹುಡುಗ ತಣ್ಣಗಾಗುತ್ತಾನೆ. ಪ್ರತಿದಿನ ಹೀಗೇ. ಈ ಬರವಣಿಗೆ ಕೈಗೆ ಬಂದರೆ ಹಟ ಎಂಬ ವಿವರಣೆ ನಿಲ್ಲುವುದಿಲ್ಲ. ಸದ್ದು ತಡೆಯಲಾರೆ, ಹೊರಗೆ ಕರೆದುಕೊಂಡು ಹೋಗಿ ಎಂದು ಅವನು ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಹೇಳುತ್ತಿದ್ದ.

ಸಾಮಾನ್ಯವಾಗಿ ಇಂಥ ನಡವಳಿಕೆಗೆ ನಾಲ್ಕು ಉದ್ದೇಶಗಳಲ್ಲಿ ಒಂದಿರುತ್ತದೆ: ಯಾರಾದರೂ ತನ್ನ ಕಡೆ ನೋಡಲಿ, ಬೇಕಾದ ವಸ್ತು ಸಿಗಲಿ, ಬೇಡವಾದದ್ದರಿಂದ ಬಿಡುಗಡೆಯಾಗಲಿ, ಇಲ್ಲವೇ ಆ ಕ್ರಿಯೆಯೇ ಮೈಗೆ ಹಿತವಾಗಿರಲಿ. ಉದ್ದೇಶ ತಿಳಿದರೆ ಬೈಗುಳ, ಏಟು ಏಕೆ ಕೆಲಸ ಮಾಡಲಿಲ್ಲವೆಂಬುದೂ ತಿಳಿಯುತ್ತದೆ. ಮುಂದಿನ ಹೆಜ್ಜೆ, ಅದೇ ಉದ್ದೇಶ ಈಡೇರಿಸುವ ಸುಲಭದ ದಾರಿ ಕಲಿಸುವುದು. ಬಾಗಿಲ ಚಿತ್ರವಿರುವ ಒಂದು ಕಾರ್ಡು, ಒಂದು ಕೈಸನ್ನೆ, ಬಂದರೆ ಒಂದು ಮಾತು. ಅವನು ಕಾರ್ಡು ಕೊಟ್ಟ ಕ್ಷಣವೇ ಹೊರಗೆ ಕರೆದುಕೊಂಡು ಹೋಗಬೇಕು, ಎರಡು ನಿಮಿಷ ತಾಳು ಎನ್ನುವುದು ಆಮೇಲಿನ ಪಾಠ. ಕ್ಯಾರ್ ಮತ್ತು ಡ್ಯುರಾಂಡ್ ಎಂಬಿಬ್ಬರು ಸಂಶೋಧಕರು 1985ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು: ಕೇಳುವ ದಾರಿ ಸಿಕ್ಕಿದ ಮಕ್ಕಳಲ್ಲಿ ಉಪದ್ರವದ ನಡವಳಿಕೆ ತಾನಾಗಿ ಇಳಿಯಿತು. ಇಡೀ ಎಬಿಎಯಲ್ಲಿ ನಾನು ಅತ್ಯಂತ ಬೆಲೆ ಕೊಡುವ ಭಾಗ ಇದು. ಜೊತೆಗೆ ಕುಕ್ಕರನ್ನು ಮಧ್ಯಾಹ್ನವೇ ಇಟ್ಟು, ಟಿವಿ ತಗ್ಗಿಸಿದರೆ ಅರ್ಧ ಕಷ್ಟ ಹಾಗೇ ಹೋಗುತ್ತದೆ. ಮಗುವನ್ನು ಬದಲಿಸುವ ಮೊದಲು ಮನೆಯನ್ನು ಬದಲಿಸಲು ಸಾಧ್ಯವೇ ಎಂದು ನೋಡುವುದೂ ಎಬಿಎಯೇ.

ಕಲಿಸುವ ಭಾಗಕ್ಕೂ ಹೀಗೇ ಸರಳ ನಿಯಮಗಳಿವೆ. ಚಡ್ಡಿ ಹಾಕಿಕೊಳ್ಳುವುದು ನಮಗೆ ಒಂದು ಕೆಲಸ. ಬಿಡಿಸಿ ನೋಡಿದರೆ ಅದರಲ್ಲಿ ಏಳೆಂಟು ಹಂತ. ಕೊನೆಯದರಿಂದ ಶುರುಮಾಡುತ್ತಾರೆ: ಅಮ್ಮ ಸೊಂಟದ ತನಕ ತಂದು ಬಿಟ್ಟರೆ ಮಗು ಕೊನೆಯ ಎಳೆತವನ್ನು ತಾನೇ ಎಳೆಯುತ್ತದೆ, ಮುಗಿಸಿದ ಗೆಲುವು ಅದರದ್ದಾಗುತ್ತದೆ. ನಾಲ್ಕಾರು ದಿನದಲ್ಲಿ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಕೈ ಹಿಡಿದು ಮಾಡಿಸುವ ಸಹಾಯವನ್ನು ಮೆಲ್ಲಗೆ ಕಡಿಮೆ ಮಾಡುತ್ತ ಹೋಗಬೇಕು, ಇಲ್ಲವಾದರೆ ಮಗು ನಮ್ಮ ಕೈಗಾಗಿ ಕಾಯುವುದನ್ನೇ ಕಲಿಯುತ್ತದೆ. ಸರಿಯಾಗಿ ಮಾಡಿದ ಕೂಡಲೇ ಅದಕ್ಕೆ ಇಷ್ಟವಾದದ್ದು ಸಿಗಬೇಕು. ಚಕ್ಕುಲಿಯ ತುಂಡೇ ಆಗಬೇಕೆಂದಿಲ್ಲ; ಫ್ಯಾನಿನ ಸ್ವಿಚ್ ಒತ್ತುವುದು, ಜೋಲಿಯಲ್ಲಿ ತೂಗುವುದು, ಯಾವುದು ಆ ಮಗುವಿಗೆ ಸುಖವೋ ಅದು. ಇದು ಲಂಚವಲ್ಲವೇ ಎಂದು ಅಜ್ಜಂದಿರು ಕೇಳುತ್ತಾರೆ. ಕಿರುಚುವ ಮಗುವನ್ನು ಸುಮ್ಮನಾಗಿಸಲು ಆ ಹೊತ್ತಿಗೆ ಚಾಕೊಲೇಟ್ ಕೊಟ್ಟರೆ ಲಂಚ, ಕಿರುಚಾಟಕ್ಕೆ ಸಿಕ್ಕ ಬಹುಮಾನ. ಕಷ್ಟದ ಕೆಲಸ ಮುಗಿದ ಮೇಲೆ ಕೊಡುವುದು ದುಡಿಮೆಯ ಕೂಲಿ.

ಇಷ್ಟೇ ಹೇಳಿ ನಿಲ್ಲಿಸಿದರೆ ಓದುಗರಿಗೆ ಮೋಸ ಮಾಡಿದಂತೆ. ಎಬಿಎಗೆ ಕಹಿ ಇತಿಹಾಸವಿದೆ. ಅದನ್ನು ಆಟಿಸಂ ಮಕ್ಕಳಿಗೆ ವ್ಯಾಪಕವಾಗಿ ಬಳಸಿದವರು ಲಾಸ್ ಏಂಜಲೀಸಿನ ಐವರ್ ಲೋವಾಸ್. ವಾರಕ್ಕೆ 40 ಗಂಟೆಯ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಗೆ ಸೇರುವಂತಾದರು ಎಂದು 1987ರಲ್ಲಿ ಅವರು ಬರೆದದ್ದು ಜಗತ್ತಿನಾದ್ಯಂತ ಪೋಷಕರಿಗೆ ಆಸೆ ಹುಟ್ಟಿಸಿತು. ಆದರೆ ಅವರ ಪ್ರಯೋಗಾಲಯದಲ್ಲಿ ಬೆದರಿಕೆ, ಏಟು ಇದ್ದವು. 1960ರ ದಶಕದಲ್ಲಿ ವಿದ್ಯುತ್ ಆಘಾತವನ್ನೂ ಬಳಸಲಾಗಿತ್ತು. 1987ರ ಆ ಅಧ್ಯಯನದಲ್ಲಿ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚಿರಲೂ ಇಲ್ಲ. ನಂತರದ ಅಧ್ಯಯನಗಳಲ್ಲಿ ಲಾಭ ಕಂಡಿದೆ, ಆದರೆ ಅಷ್ಟು ದೊಡ್ಡದಲ್ಲ, ಮತ್ತು ಮಗುವಿನಿಂದ ಮಗುವಿಗೆ ಬಹಳ ವ್ಯತ್ಯಾಸ. ಹಾಗಾಗಿ ಇಷ್ಟು ತಿಂಗಳಲ್ಲಿ ನಾರ್ಮಲ್ ಮಾಡಿಕೊಡುತ್ತೇವೆ ಎನ್ನುವವರ ಬಾಗಿಲಿಂದ ಹಿಂದೆ ಬನ್ನಿ.

ಇನ್ನೂ ಮುಖ್ಯವಾದ ಟೀಕೆ ಬಂದದ್ದು ಬಾಲ್ಯದಲ್ಲಿ ಈ ತರಬೇತಿ ಪಡೆದು ಬೆಳೆದ, ಆಟಿಸಂ ಇರುವ ಹಿರಿಯರಿಂದಲೇ. ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ, ಸುಮ್ಮನೆ ಕೂರು ಎಂದು ಸಾವಿರ ಬಾರಿ ಮಾಡಿಸಿ ತಮ್ಮನ್ನು ಬೇರೆಯವರಂತೆ ನಟಿಸಲು ಕಲಿಸಿದರು, ಆ ನಟನೆಯ ಆಯಾಸ ಇಂದಿಗೂ ಬಿಟ್ಟಿಲ್ಲ ಎಂದು ಅವರು ಹೇಳುತ್ತಾರೆ. ನಾನು ಇದನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಖುಷಿಯಾದಾಗ ಮಗು ಕೈ ಬಡಿದು ಕುಣಿದರೆ ಯಾರಿಗೆ ನಷ್ಟ? ಮದುವೆ ಮಂಟಪದಲ್ಲಿ ನಮಗಾಗುವ ಮುಜುಗರ ತಪ್ಪಿಸಲು ಅದರ ಕೈಗಳನ್ನು ಕಟ್ಟಿಹಾಕುವ ಹಕ್ಕು ನಮಗಿಲ್ಲ. ಒಂದು ಗುರಿ ಮಗುವಿನ ಬದುಕನ್ನು ಸಲೀಸು ಮಾಡುತ್ತದೆಯೋ, ನೋಡುವವರ ಮನಸ್ಸನ್ನೋ ಎಂದು ಪ್ರತಿಯೊಂದು ಗುರಿಯ ಮುಂದೆಯೂ ಕೇಳಬೇಕು. ರಸ್ತೆ ದಾಟುವುದು, ನೋವು ಎಲ್ಲಿ ಎಂದು ತೋರಿಸುವುದು, ಬೇಡ ಎನ್ನುವುದು, ಶೌಚಾಲಯಕ್ಕೆ ತಾನೇ ಹೋಗುವುದು: ಇವುಗಳಿಗೆ ಎಬಿಎಯ ಉಪಾಯಗಳನ್ನು ಧಾರಾಳವಾಗಿ ಬಳಸಿ. ಬೇಡ ಎಂದು ಮಗು ಹೇಳಿದಾಗ ಅಲ್ಲಿನ ಥೆರಪಿಸ್ಟ್ ನಿಲ್ಲಿಸುತ್ತಾರೆಯೇ ಎಂಬುದನ್ನು ಮಾತ್ರ ನಿಮ್ಮ ಕಣ್ಣಿಂದಲೇ ನೋಡಿ. ತಾಯಿಯನ್ನು ಒಳಗೆ ಕೂರಲು ಬಿಡದ ಕೋಣೆಗೆ ಮಗುವನ್ನು ಕಳಿಸಬೇಡಿ.

ಕಲಿಸುವವರ ಅರ್ಹತೆಯನ್ನೂ ಕೇಳಲೇಬೇಕು. ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಸಂಖ್ಯೆ ಕೇಳುವುದು ಅವಮಾನವಲ್ಲ. ಬಿಹೇವಿಯರ್ ಅನಲಿಸ್ಟರಿಗೆ ಬಹುಕಾಲ ಅಮೆರಿಕದ ಮಂಡಳಿಯ ಪ್ರಮಾಣಪತ್ರವೇ ಅಳತೆಗೋಲಾಗಿತ್ತು. 2023ರಿಂದ ಆ ಮಂಡಳಿ ಭಾರತದವರಿಗೆ ಹೊಸ ಪ್ರಮಾಣಪತ್ರ ಕೊಡುತ್ತಿಲ್ಲ. ಈ ತೆರವಿನಲ್ಲಿ ಚಿಕ್ಕ ಕೋರ್ಸು ಮಾಡಿದವರೂ ಬೋರ್ಡು ಹಾಕಬಹುದಾಗಿದೆ. ಯಾರ ಮೇಲ್ವಿಚಾರಣೆಯಲ್ಲಿ ಕೆಲಸ, ಈ ತಿಂಗಳ ಗುರಿ ಏನು, ಲಿಖಿತ ದಾಖಲೆ ಎಲ್ಲಿ ಎಂದು ಕೇಳಿ.

ಮತ್ತು ದುಡ್ಡು, ದೂರ. ಗಂಟೆಗೆ ಬರೀ 500 ರೂಪಾಯಿ ಎಂದಿಟ್ಟುಕೊಂಡರೂ ಲೋವಾಸರ ವಾರಕ್ಕೆ 40 ಗಂಟೆಯ ಲೆಕ್ಕ ತಿಂಗಳಿಗೆ 80 ಸಾವಿರ ದಾಟುತ್ತದೆ. ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ದುಡಿಯುವ ತಂದೆಗೆ ಅದು ಎಲ್ಲಿಂದ ಬರಬೇಕು? ಕಲ್ಯಾಣದಿಂದ ದಾದರಿಗೆ ಗರ್ದಿಯ ಲೋಕಲಿನಲ್ಲಿ ಕಿವಿ ಮುಚ್ಚಿಕೊಂಡ ಮಗುವನ್ನು ಕರೆತಂದರೆ, ಥೆರಪಿಯ ಹೊತ್ತಿಗೆ ತಾಯಿ ಮಗು ಇಬ್ಬರೂ ಬಸವಳಿದಿರುತ್ತಾರೆ. ನಮ್ಮ ಕರಾವಳಿಯ ನೆರೆಯಲ್ಲೇ, ಗೋವಾದಲ್ಲಿ, ಇದಕ್ಕೊಂದು ಉತ್ತರ ಹುಡುಕಿದ್ದಾರೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ 65 ಮಕ್ಕಳೊಂದಿಗೆ ನಡೆದ ಆ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಭೇಟಿಯಾಗಿ, ತಾಯಿ ಮಗು ಆಡುವ ವಿಡಿಯೋ ತೆಗೆದು, ಮಗು ಎಲ್ಲಿ ಸಂಕೇತ ಕೊಟ್ಟಿತು, ತಾಯಿ ಎಲ್ಲಿ ಸ್ಪಂದಿಸಿದಳು ಎಂದು ಜೊತೆಯಲ್ಲಿ ಕೂತು ನೋಡಿದರು. ತಾಯಂದಿರ ಸ್ಪಂದನೆ ಹೆಚ್ಚಿತು, ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಇದು ಎಬಿಎ ಅಲ್ಲ, ಬೇರೆಯೇ ಪದ್ಧತಿ. ಆದರೆ ದಿನದ ಸಾಧಾರಣ ಹೊತ್ತುಗಳಲ್ಲಿ ಕಲಿಸಬಹುದೆಂಬ ಮಾತನ್ನು ಈಗ ಎಬಿಎಯ ಹೊಸ ಕವಲುಗಳೂ ಹೇಳುತ್ತವೆ. ಮುಂಬಯಿಯಲ್ಲಿ ಡಾ. ವಿಭಾ ಕೃಷ್ಣಮೂರ್ತಿಯವರು 2001ರಲ್ಲಿ ಕಟ್ಟಿದ ಉಮ್ಮೀದ್ ಕೇಂದ್ರ ಪೋಷಕರನ್ನು ಜೊತೆಗಾರರಾಗಿ ಕಾಣುತ್ತದೆ. ಫೋರಂ ಫಾರ್ ಆಟಿಸಂ ಪೋಷಕರದ್ದೇ ಕೂಟ. ಸಯನ್, ಕೆಇಎಂ, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳ ಮಕ್ಕಳ ವಿಭಾಗದಿಂದಲೂ ಹೆಜ್ಜೆ ಆರಂಭಿಸಬಹುದು. ಹಾಗೆಂದು ತಾಯಿ ಬೆಳಗಿನಿಂದ ರಾತ್ರಿಯವರೆಗೆ ಥೆರಪಿಸ್ಟ್ ಆಗಬೇಕಿಲ್ಲ. ಅವಳು ಅಮ್ಮನಾಗಿಯೂ ಇರಬೇಕು, ಒಂದು ಗಂಟೆ ಮಲಗಲೂಬೇಕು.

ನಮ್ಮವರಿಗೆ ಒತ್ತಿ ಹೇಳಬೇಕಾದ ವಿಷಯ ಭಾಷೆಯದ್ದು. ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ ಎಂಬ ಸಲಹೆ ಇಲ್ಲಿ ಎಷ್ಟೋ ಕುಟುಂಬಗಳಿಗೆ ಸಿಕ್ಕಿದೆ. ಆದರೆ ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಕನ್ನಡದಲ್ಲೋ ತುಳುವಿನಲ್ಲೋ ಹಾಡಿ, ಗದರಿ, ಮುದ್ದಿಸಿ ಬಲ್ಲ ತಾಯಿಗೆ ಆ ಭಾಷೆ ಬಿಡು ಎಂದರೆ ಅವಳ ಬಾಯಲ್ಲಿ ಉಳಿಯುವುದು ಕಮ್, ಸಿಟ್, ಈಟ್ ಎಂಬ ಆಜ್ಞೆಗಳು ಮಾತ್ರ. ಇತರರೊಂದಿಗೆ ಬೆರೆಯುವುದೇ ಕಷ್ಟವಿರುವ ಮಗುವಿನಿಂದ ಮನೆಯ ಅರ್ಧ ಸಂಭಾಷಣೆಯನ್ನು ನಾವೇ ಕಿತ್ತುಕೊಳ್ಳುತ್ತೇವೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋದರೆ ಕಾರ್ಕಳದ ಅಜ್ಜಿಗೂ ಮೊಮ್ಮಗನಿಗೂ ನಡುವೆ ಒಂದು ಮಾತೂ ಇರುವುದಿಲ್ಲ. ಒಂದು ಕೋಣೆಯಲ್ಲಿ, ಒಬ್ಬರ ಜೊತೆ ಕಲಿತದ್ದು ಬೇರೆಡೆಗೆ ತಾನಾಗಿ ದಾಟುವುದಿಲ್ಲವೆಂಬುದು ಎಬಿಎಯವರೇ ಒಪ್ಪುವ ಸತ್ಯ. ಹಾಗಿದ್ದರೆ ಮಗು ಮೊದಲು ಕಲಿಯಬೇಕಾದದ್ದು ತನ್ನ ಅಡುಗೆಮನೆಯಲ್ಲಿ ಎಲ್ಲರಿಗೂ ಅರ್ಥವಾಗುವ ಮಾತನ್ನೇ. ಥೆರಪಿಸ್ಟರಿಗೆ ನಿಮ್ಮ ಮನೆಮಾತಿನ ಇಪ್ಪತ್ತು ಪದ ಬರೆದುಕೊಡಿ, ಬಳಸಿ ಎಂದು ಒತ್ತಾಯಿಸಿ.

ಆಟಿಸಂಗೆ ಮದ್ದೆಂದು ಹೇಳಿ ಕೊಡುವ ಸ್ಟೆಮ್ ಸೆಲ್ ಇಂಜೆಕ್ಷನ್ ಬಗ್ಗೆ ಎರಡೇ ಮಾತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರಿನಲ್ಲೇ ಆಟಿಸಂಗೆ ಇದನ್ನು ಚಿಕಿತ್ಸೆಯೆಂದು ಶಿಫಾರಸು ಮಾಡುವಂತಿಲ್ಲ ಎಂದಿದೆ. ಊರಿನ ಜಾಗ ಮಾರಿ ದುಡ್ಡು ಹೊಂದಿಸಬೇಡಿ.

ಮಕ್ಕಳು ಮಕ್ಕಳಾಗಿಯೇ ಉಳಿಯುವುದಿಲ್ಲ, ಹದಿನೆಂಟು ಬೇಗ ಬರುತ್ತದೆ. ಜುಹುವಿನಲ್ಲಿ ಯಶ್ ಚಾರಿಟೆಬಲ್ ಟ್ರಸ್ಟಿನವರು 2018ರಲ್ಲಿ ತೆರೆದ ಕೆಫೆ ಅರ್ಪಣ್‌ನಲ್ಲಿ ಆಟಿಸಂ ಸೇರಿದಂತೆ ಬೆಳವಣಿಗೆಯ ವ್ಯತ್ಯಾಸಗಳಿರುವ ವಯಸ್ಕರು ಸಂಬಳಕ್ಕೆ ದುಡಿಯುತ್ತಾರೆ. ಇಂಥ ಜಾಗಗಳು ಈ ಮಹಾನಗರಕ್ಕೆ ತೀರಾ ಕಡಿಮೆ. ಹೋಟೆಲ್ ಉದ್ಯಮದಲ್ಲಿ ನಮ್ಮ ಜನ ಇಷ್ಟೊಂದಿದ್ದಾರೆ. ಕ್ರಮ ತಪ್ಪದೆ ಒಂದೇ ಕೆಲಸವನ್ನು ನಿಷ್ಠೆಯಿಂದ ಮಾಡಬಲ್ಲ ಯುವಕನಿಗೆ ಒಂದೊಂದು ಹೋಟೆಲಿನಲ್ಲಿ ಒಂದು ಜಾಗ ಕೊಟ್ಟರೂ ಚಿತ್ರ ಬೇರೆಯಾದೀತು.

ಕಾಗದಪತ್ರದ ಕೆಲಸವನ್ನು ಈಗಲೇ ಆರಂಭಿಸುವುದು ಒಳ್ಳೆಯದು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂಗೆ ಜಾಗವಿರಲಿಲ್ಲ. 2016ರ ಕಾಯಿದೆಯ 21 ಬಗೆಗಳಲ್ಲಿ ಅದೂ ಸೇರಿದೆ. 40 ಪ್ರಶ್ನಾಂಶಗಳ ಭಾರತೀಯ ಮಾಪನ, ಅಂದರೆ ಐಸಾ, ಬಳಸಿ ಸರಕಾರಿ ಆಸ್ಪತ್ರೆಯ ಮಂಡಳಿ ಪ್ರಮಾಣಪತ್ರ ಕೊಡುತ್ತದೆ. ವೈಕಲ್ಯ ಶೇಕಡಾ 40 ಅಥವಾ ಹೆಚ್ಚೆಂದು ಪ್ರಮಾಣೀಕೃತವಾದ ಮಗುವಿಗೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ವೆಚ್ಚ ಸಿಗುತ್ತದೆ, ಹದಿನೆಂಟು ದಾಟಿದವರಿಗೆ ಅಗತ್ಯವಿದ್ದರೆ ಕಾನೂನುಬದ್ಧ ಪೋಷಕರ ನೇಮಕಕ್ಕೂ ದಾರಿಯಿದೆ. ಚೀಟಿ ಹಚ್ಚಿಕೊಂಡಂತಾಗುತ್ತದೆ ಎಂದು ಹಿಂಜರಿಯುವ ಕುಟುಂಬಗಳಿವೆ. ಪ್ರಮಾಣಪತ್ರವನ್ನು ಯಾರಿಗೂ ತೋರಿಸಬೇಕಿಲ್ಲ, ಕಪಾಟಿನಲ್ಲಿಡಿ; ಹತ್ತನೆಯ ತರಗತಿಯ ಪರೀಕ್ಷೆಗೆ ಹೆಚ್ಚುವರಿ ಸಮಯವನ್ನೋ ಬರೆದುಕೊಡುವವರನ್ನೋ ಕೇಳುವ ದಿನ ಅದು ಕೈಯಲ್ಲಿರಲಿ.